ಹ್ಯಾಂಬರ್ಗಿನ ಕಲ್ಲುಕಂಬ

ಎಕ್ಸ್‌ರೇ ತೆಗೆಯುವಾಗ ತಂತ್ರಜ್ಞರು ಸೀಸದ ತಡೆಯ ಹಿಂದೆ ಹೋಗಿ ನಿಲ್ಲುತ್ತಾರೆ. ‘ನಮ್ಮನ್ನು ಬಿಟ್ಟು ಅವರೇಕೆ ಓಡ್ತಾರೆ ಸಾರ್?’ ಎಂದು ಪ್ರತಿವರ್ಷ ತರಗತಿಯಲ್ಲಿ ಒಬ್ಬನಾದರೂ ಕೇಳುತ್ತಾನೆ. ನಿನಗದು ಅಪರೂಪಕ್ಕೊಮ್ಮೆ ಮರಿ; ಅವರಿಗೆ ದಿನವಿಡೀ, ವರ್ಷಗಟ್ಟಲೆ.

1895ರಲ್ಲಿ ರಾಂಟ್ಜೆನ್ ಕ್ಷ-ಕಿರಣ ಕಂಡುಹಿಡಿದಾಗ ಈ ಅಪಾಯ ತಿಳಿದಿರಲಿಲ್ಲ. ಕಿರಣ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ತಮ್ಮ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರು! ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ತೋಳುಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಅವನ ಅವಸ್ಥೆ ಕಂಡು ಎಡಿಸನ್ ಆ ಕೆಲಸವನ್ನೇ ಕೈಬಿಟ್ಟ.

ಇಂಥವರಿಗಾಗಿ ಜರ್ಮನಿಯ ಹ್ಯಾಂಬರ್ಗಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ 1936ರಲ್ಲಿ ಸಹೋದ್ಯೋಗಿಗಳು ಕಂಬ ನಿಲ್ಲಿಸಿದರು. ವೈದ್ಯರು, ವಿಜ್ಞಾನಿಗಳು, ದಾದಿಯರು ಎಂಬ ಭೇದವಿಲ್ಲದೆ 169 ಹೆಸರು. ಅಲ್ಲೇ ದುಡಿದು 1921ರಲ್ಲಿ ಸತ್ತ ಆಲ್ಬರ್ಸ್-ಶೋನ್‌ಬರ್ಗ್ ಕೂಡ ಇದ್ದಾರೆ. 1959ರ ಹೊತ್ತಿಗೆ ಹೆಸರುಗಳು 359 ಆದವು. ಕಂಬ ಸಾಲದೆ ಪಕ್ಕದಲ್ಲಿ ಬೇರೆ ಕಲ್ಲುಗಳನ್ನು ಇಟ್ಟರು.