ದಮ್ ಇಲ್ಲ ಅಂತ ಸ್ಪ್ರಿಂಗ್ ಹಾಕಿಸೋರಿಗೆ

ಏರ್‌ಗನ್ ವೀಕ್ ಆಯ್ತು ಅಂದ ತಕ್ಷಣ ನಮ್ಮ ಕಡೆ ಸಿಗೋ ಸಲಹೆ ಒಂದೇ: "ಇದಕ್ಕ ದಮ್ ಇಲ್ರೀ, ದಪ್ಪಂದು ಸ್ಪ್ರಿಂಗ್ ಹಾಕಸ್ರಿ." ದೇವದುರ್ಗದಲ್ಲಿ ಕೇಳಿ, ಮಾನ್ವಿಯಲ್ಲಿ ಕೇಳಿ, ಇದೇ ಮಾತು. ಹಾಕೋರು ಅದನ್ನ 'ಸರ್ವಿಸ್' ಅಂತಾರೆ. ನಾನು ಅದನ್ನ ಕೊಲೆ ಅಂತೀನಿ.

ಮಜಾ ಅಂದ್ರೆ ಹೀಗೆ ಹೇಳೋರಲ್ಲಿ ಶಕ್ತಿನಗರದವರೂ ಇದ್ದಾರೆ. 1985ರಲ್ಲಿ ಮೊದಲ ಘಟಕ ಶುರುವಾಗಿ ಎಂಟು ಘಟಕ, 1720 ಮೆಗಾವ್ಯಾಟ್‌ವರೆಗೆ ಬೆಳೆದ ಆರ್‌ಟಿಪಿಎಸ್ ಇರೋ ಊರು. ಅಲ್ಲಿ ಎಲ್ಲೋ ಗ್ಯಾಸ್ಕೆಟ್ ಹೋಗಿ ಹಬೆ ಸೋರಿದರೆ "ಇನ್ನೊಂದಿಷ್ಟು ಕಲ್ಲಿದ್ದಲು ಸುರೀರಿ" ಅಂತಾರಾ? ಸೋರೋ ಜಾಗ ಹುಡುಕ್ತಾರೆ. ಡ್ಯೂಟಿಯಲ್ಲಿ ಇಷ್ಟು ಗೊತ್ತಿರೋ ಮನುಷ್ಯ, ಸಂಜೆ ಏರ್‌ಗನ್ ಕೈಗೆ ಬಂದ ಕೂಡಲೇ ಆ ಬುದ್ಧಿಯನ್ನ ಗೇಟಿನ ಹತ್ತಿರವೇ ಬಿಟ್ಟು ಬರೋದು ಯಾಕೋ!

ಒಳಗೆ ನಡೆಯೋದು ಇಷ್ಟೇ. ಟ್ರಿಗರ್ ಒತ್ತಿದರೆ ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ ಅನ್ನ ಮುಂದೆ ತಳ್ಳುತ್ತೆ. ಪಿಸ್ಟನ್ ಮುಂದಿನ ಗಾಳಿ ಒತ್ತಿಕೊಂಡು ಸಣ್ಣ ತೂತಿನಿಂದ ನಳಿಗೆಗೆ ನುಗ್ಗಿ ಪೆಲೆಟ್ ಅನ್ನ ಓಡಿಸುತ್ತೆ. ಪೆಲೆಟ್ ಅನ್ನ ತಳ್ಳೋದು ಗಾಳಿ, ಸ್ಪ್ರಿಂಗ್ ಅಲ್ಲ. ಕೊನೆಯಲ್ಲಿ ಪಿಸ್ಟನ್‌ಗೆ ಮೆತ್ತೆ ಆಗಿರೋದೂ ಅದೇ ಗಾಳಿ. ವಾಶರ್ ಸವೆದು ಆ ಗಾಳಿ ಸೋರಿಹೋದರೆ ದಪ್ಪ ಸ್ಪ್ರಿಂಗ್ ಹಾಕಿ ಏನು ಬಂತು? ಪಿಸ್ಟನ್ ಹೋಗಿ ಸಿಲಿಂಡರ್ ತುದಿಗೆ ಸುತ್ತಿಗೆ ಥರ ಬಡಿಯುತ್ತೆ, ಅಷ್ಟೇ. ಉಳಿದಿದ್ದ ವಾಶರ್ ಚಿಂದಿ, ಸ್ಟಾಕಿನ ಸ್ಕ್ರೂ ಸಡಿಲ, ಟೆಲಿಸ್ಕೋಪ್ ಇದ್ದರೆ ಅದೂ ಗೋವಿಂದ. ಪೆಲೆಟ್ ಇಲ್ಲದೆ ಖಾಲಿ ಹೊಡೆದಾಗಲೂ ಇದೇ ಕಥೆ, ಅದಕ್ಕೇ ಖಾಲಿ ಹೊಡೀಬೇಡಿ ಅನ್ನೋದು.

ಇದಕ್ಕಿಂತ ಘನಂದಾರಿ ಕೆಲಸ ಇನ್ನೊಂದಿದೆ: ತೂತಿನೊಳಗೆ ಎಣ್ಣೆ ಬಿಡೋದು. ಒತ್ತಿದ ಗಾಳಿ ಬಿಸಿಯಾಗಿ ಎಣ್ಣೆ ಹೊತ್ತಿಕೊಳ್ಳುತ್ತೆ, ಡೀಸೆಲ್ ಎಂಜಿನ್ನಿನಲ್ಲಿ ಆಗೋ ಹಾಗೆ. ಢಂ ಅನ್ನೋ ಸದ್ದು, ನಳಿಗೆಯಲ್ಲಿ ಹೊಗೆ, ಸುತ್ತ ನಿಂತ ಹುಡುಗರಿಂದ ಶಿಳ್ಳೆ. "ಪವರ್ ನೋಡ್ರಿ!" ಅಂತ ಬೀಗೋದು ಬೇರೆ. ಅದು ಪವರ್ ಅಲ್ಲಪ್ಪಾ, ನಿನ್ನ ವಾಶರ್ ಸುಡ್ತಾ ಇರೋದು :-)

ಮನೆಯಲ್ಲೇ ರಿಪೇರಿ ಮಾಡಬಾರದು ಅಂತ ನಾನು ಹೇಳ್ತಿಲ್ಲ, ಮಾಡಲೇಬೇಕು ಅಂತೀನಿ. ಹಿಂದೆ ದಪ್ಪ ಮಣ್ಣಿನ ದಿಬ್ಬ ಇರೋ ಕಡೆ, ನಳಿಗೆ ಮಡಚೋ ಕೀಲಿನ ಮೇಲೆ ತೆಳು ಟಿಶ್ಯೂ ಕಾಗದ ಇಟ್ಟು ಒಂದು ಪೆಲೆಟ್ ಹೊಡೀರಿ. ಕಾಗದ ಹಾರಿದರೆ ಸೋರ್ತಿರೋದು ಅಲ್ಲೇ. ಅಲ್ಲಿನ ಸಣ್ಣ ಉಂಗುರ ಬದಲಿಸಿದರೆ ಮುಗೀತು, ಬಿಚ್ಚೋದೇ ಬೇಡ. ಹಾರದಿದ್ದರೆ ಒಳಗೆ ನೋಡಬೇಕು. ಬಿಚ್ಚೋವಾಗ ಹುಷಾರು, ಕಾಕ್ ಮಾಡದಿದ್ದರೂ ಸ್ಪ್ರಿಂಗ್ ಒತ್ತಡದಲ್ಲೇ ಕೂತಿರುತ್ತೆ. ಹಲಗೆಯ ಮೇಲೆ ಬಡಗಿಗಳ ಉದ್ದ ಕ್ಲಾಂಪಿನಲ್ಲಿ ಹಿಡಿದು, ಪಿನ್ ತೆಗೆದ ಮೇಲೆ ನಿಧಾನ ಸಡಿಲಿಸಿ. ಕೈಯಲ್ಲಿ ಒತ್ತಿ ಹಿಡೀತೀನಿ ಅನ್ನೋ ಪೈಲ್ವಾನರು ಹಲ್ಲಿನ ಡಾಕ್ಟರ ನಂಬರ್ ಹತ್ತಿರ ಇಟ್ಟುಕೊಳ್ಳಲಿ.

ಹಳೇ ಸ್ಪ್ರಿಂಗನ್ನ ಗಾಜಿನ ಮೇಲೆ ಉರುಳಿಸಿ. ಕುಂಟಿಕೊಂಡು ಉರುಳಿದರೆ ಬಾಗಿದೆ ಅಂತ ಅರ್ಥ. ಬದಲಿಸೋದಾದರೆ ಅದೇ ದಪ್ಪ, ಅದೇ ಉದ್ದದ್ದು. ಸಿಲಿಂಡರ್ ಸೀಳಿನ ಅಂಚಿನಲ್ಲಿ ಚೂಪು ಇದ್ದರೆ ನಯ ಅರದಿಂದ ಉಜ್ಜಿ. ಹೊಸ ವಾಶರ್ ಹರಿಯೋದು ಬಹಳ ಸಲ ಜೋಡಿಸೋವಾಗ, ಆ ಅಂಚಿಗೆ ತಾಗಿ. ಗ್ರೀಸ್ ಬೆಣ್ಣೆ ಮೆತ್ತಿದ ಹಾಗಲ್ಲ, ಒರೆಸಿದ ಹಾಗೆ.

ಇಷ್ಟು ಮಾಡಿ 10 ಮೀಟರ್‌ನಿಂದ ಕಾಗದಕ್ಕೆ ಐದು ಹೊಡೀರಿ. ಬಿಗಿಯಾಗಿ ಅದುಮಬೇಡಿ, ಅಂಗೈ ಮೇಲೆ ಸುಮ್ಮನೆ ಮಲಗಿಸಿ. ಐದೂ ತೂತು ರೂಪಾಯಿ ನಾಣ್ಯದ ಅಡಿ ಮುಚ್ಚಿದರೆ ಗನ್ ಸರಿ ಇದೆ.

"ಆದ್ರೂ ದಮ್ ಸಾಲಲ್ಲ" ಅಂತೀರಾ? ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 400ಕ್ಕೆ 400 ಹೊಡೆದರು. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಿಂದ ಚಿನ್ನ ತಂದರು. ಆ ಆಟದ ರೈಫಲ್‌ಗಳ ಶಕ್ತಿ ಸಾಮಾನ್ಯವಾಗಿ 8 ಜೌಲ್ ಆಸುಪಾಸು. ಅವುಗಳಲ್ಲಿ ಸ್ಪ್ರಿಂಗ್ ಇಲ್ಲ, ತುಂಬಿಟ್ಟ ಗಾಳಿ ಇರುತ್ತೆ, ಒಪ್ಪಿದೆ. ಆದರೆ ಒಲಿಂಪಿಕ್ಸ್ ಚಿನ್ನಕ್ಕೆ ಸಾಲೋ ದಮ್ ನಿಮಗೆ ಯಾಕೆ ಸಾಲಲ್ಲ?

ಯಾಕೆ ಅಂತ ಎಲ್ಲರಿಗೂ ಗೊತ್ತು. ಕಾಗದಕ್ಕೆ ಸಾಲುತ್ತೆ, ಹಕ್ಕಿಗೆ ಸಾಲಲ್ಲ. ಕೃಷ್ಣೆಯ ದಂಡೆಗೆ ಗನ್ ಹಿಡಿದು ಹೋಗೋರು ಕಾಗದ ಹುಡುಕಿಕೊಂಡು ಹೋಗಲ್ಲ. "ಬೆಳೆ ಕಾಯಾಕ್ರೀ" ಅನ್ನೋ ನೆಪ ಬೇಡ, ಜೋಳದ ಹೊಲದಲ್ಲಿ ಅಟ್ಟ ಕಟ್ಟಿ ಕವಣೆ ಬೀಸಿದ ಅಜ್ಜಂದಿರು ಹಕ್ಕಿ ಓಡಿಸಿದ್ದು ಸದ್ದಿನಿಂದ. 1972ರ ವನ್ಯಜೀವಿ ಕಾಯ್ದೆಗೆ ನಿಮ್ಮ ಗನ್ನಿನ ಲೈಸೆನ್ಸ್ ಸಂಬಂಧ ಇಲ್ಲ, ಹೊಡೆದದ್ದು ಏನು ಅನ್ನೋದಷ್ಟೇ ಮುಖ್ಯ.

ಲೈಸೆನ್ಸ್ ಅಂದಮೇಲೆ ನೆನಪಾಯ್ತು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಲೈಸೆನ್ಸ್ ಬೇಡದ ಏರ್‌ಗನ್‌ಗೆ ಮಿತಿ 20 ಜೌಲ್, ನಳಿಗೆ 4.5 ಮಿ.ಮೀ. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 200 ಮೀಟರ್ ಓಡಿದರೆ 10 ಜೌಲ್, 283 ಮೀಟರ್ ಓಡಿದರೆ 20. ಸ್ಪ್ರಿಂಗ್ ಹಾಕಿದವನ ಹತ್ತಿರ ವೇಗ ಅಳೆಯೋ ಯಂತ್ರ ಇತ್ತಾ, ಕೇಳಿದ್ರಾ?