ಕಂಠಪಾಠವನ್ನು ಹಳಿಯುವವರಿಗೆ

ಫ್ರೆಂಚ್ ಭಾಷೆಯನ್ನು ಕಲಿಯಹೊರಟವರು ಕ್ರಿಯಾರೂಪಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಮಾತನಾಡುತ್ತಿದ್ದರೆ ತಾವಾಗಿಯೇ ಬರುವುವೆಂದು ಕೆಲವರು ಬೋಧಿಸುತ್ತಿರುವರು. ಎಲ್ಲಿಂದ ಬರುವುವು? ‘ಇರು’ ಎಂಬರ್ಥದ ಧಾತುವಿಗೆ ವರ್ತಮಾನದಲ್ಲಿ ಸ್ವಿ, ಎ, ಎ, ಸೊಮ್, ಎತ್, ಸೋಂ ಎಂದು 6 ರೂಪಗಳು. ಒಂದರಿಂದ ಇನ್ನೊಂದನ್ನು ಊಹಿಸಬಲ್ಲ ಜಾಣನನ್ನು ನಾನರಿಯೆ. (ಪ್ರಥಮ ಪುರುಷದ ಎ, ಸೋಂ ಎಂಬಿವು ನಮ್ಮ ಅಸ್ತಿ, ಸಂತಿಗಳ ದಾಯಾದಿಗಳೇ.)

ಆದರೆ ಕಣ್ಣಿನಿಂದ ಮಾಡುವ ಪಾಠವನ್ನು ನಾನು ಪಾಠವೆನ್ನೆನು. ‘ಮಾತಾಡು’ ಎಂಬ ಧಾತುವಿನ ಉತ್ತಮ, ಮಧ್ಯಮ ಪುರುಷಗಳ ಏಕವಚನವೂ ಪ್ರಥಮ ಪುರುಷದ ಬಹುವಚನವೂ ಬರಹದಲ್ಲಿ ಬೇರೆ ಬೇರೆ. ಕಿವಿಗೆ ಮೂರೂ ‘ಪಾರ್ಲ್’ ಒಂದೇ. ಗಟ್ಟಿಯಾಗಿ ಹೇಳದವನಿಗೆ ಇದು ತಿಳಿಯುವುದೆಂತು?

ಅಮರಸಿಂಹನು ತನ್ನ ಕೋಶವನ್ನು ನಾಮಲಿಂಗಾನುಶಾಸನವೆಂದು ಕರೆದು, ಪದದೊಡನೆ ಲಿಂಗವನ್ನೂ ಕಲಿಸಿದನು. ಈಗಿನ ಪದಪಟ್ಟಿಗಳಲ್ಲಿ ಎಷ್ಟೋ ಕಡೆ ಬರಿಯ ಪದವೇ ಹೊರತು ಲಿಂಗಸೂಚಕವಿಲ್ಲ. ‘ಲೆ ಲೀವ್ರ್’ ಎಂದರೆ ಪುಸ್ತಕ, ‘ಲಾ ಲೀವ್ರ್’ ಎಂದರೆ ಪೌಂಡು. ಪಟ್ಟಿ ಬರೆದವರು ಇದಕ್ಕೇನೆನ್ನುವರು?