ಕೂಸು ಒಂದು, ಇಲಾಖೆಗಳು ಹಲವು

1975ನೆಯ ಇಸವಿ ಅಕ್ಟೋಬರ್ 2ರಂದು ಭಾರತ ಸರಕಾರವು ದೇಶದ 33 ಕ್ಷೇತ್ರಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅಲ್ಲಿ 100 ಅಂಗನವಾಡಿಗಳಿಂದ ಮೊದಲಾದ ಕಾರ್ಯವು ಇಂದು 65 ಸಾವಿರಕ್ಕೂ ಮಿಕ್ಕ ಕೇಂದ್ರಗಳಾಗಿ ನಾಡಿನ ಊರೂರಿಗೂ ಹಬ್ಬಿದೆ. ಅರ್ಧ ಶತಮಾನ ಸಂದಿರುವ ಈ ಸಮಯದಲ್ಲಿ, ತಾಯಿಯ ಮತ್ತು ಎಳೆಯ ಕೂಸಿನ ಯೋಗಕ್ಷೇಮವನ್ನು ವಹಿಸಿಕೊಂಡಿರುವ ಸಂಸ್ಥೆಗಳು ಒಂದರ ಕೆಲಸವನ್ನು ಮತ್ತೊಂದು ಅರಿತು ನಡೆಯುತ್ತಿವೆಯೇ ಎಂದು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ವಾಚಕರು ಗಮನಿಸಬೇಕು. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದುವು. ಇದು ಹೆಮ್ಮೆಯ ಸಂಗತಿ. ಆದರೆ ಅದೇ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳು ತುಂಬಿದ ಮಕ್ಕಳಲ್ಲಿ ನೂರಕ್ಕೆ 65 ಮಂದಿ ರಕ್ತಹೀನರು. 2015-16ರಲ್ಲಿ ಈ ಎರಡನೆಯ ಸಂಖ್ಯೆಯು 61ರಷ್ಟಿತ್ತು, ಇಳಿಯಬೇಕಾದುದು ಏರಿತು! ಹೆರಿಗೆಯು ಒಂದು ದಿನದ ಕಾರ್ಯ. ಅದರ ಹೊಣೆಯು ಒಂದೇ ಇಲಾಖೆಯದು. ಕೂಸಿನ ಬೆಳವಣಿಗೆಯಾದರೋ ಸಾವಿರ ದಿನಗಳ ಕಾರ್ಯ. ಅದರ ಹೊಣೆಯು ಹಲವರದು. ಹಲವರಿದ್ದಲ್ಲಿ ಹಾವು ಸಾಯದೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೂಲ ಯೋಜನೆಯನ್ನು ರಚಿಸಿದವರು ಈ ಮಾತನ್ನು ಅರಿಯದವರಲ್ಲ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆಹಾರ ಹಾಗೂ ಆರೋಗ್ಯದ ತಿಳಿವಳಿಕೆ, ಲಸಿಕೆ, ಆರೋಗ್ಯ ತಪಾಸಣೆ, ಹೆಚ್ಚಿನ ಚಿಕಿತ್ಸೆಗೆ ಕಳುಹಿಸುವಿಕೆ, ಹೀಗೆ ಆರು ಸೇವೆಗಳನ್ನು ಅವರು ಒಂದೇ ಸೂರಿನಡಿ ತಂದರು. ಇವುಗಳಲ್ಲಿ ಕಡೆಯ ಮೂರು ಆರೋಗ್ಯ ಇಲಾಖೆಯಿಂದ ಸಲ್ಲತಕ್ಕವು; ಉಳಿದವು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವು. ಕಟ್ಟಡ, ಕುಡಿಯುವ ನೀರು, ಚರಂಡಿಗಳಿಗೆ ಗ್ರಾಮ ಪಂಚಾಯತಿಯ ಮುಖ ನೋಡಬೇಕು. ಆರು ವರ್ಷ ತುಂಬಿದೊಡನೆ ಮಗುವು ಶಿಕ್ಷಣ ಇಲಾಖೆಯ ಪಾಲಾಗುತ್ತದೆ. ಊರಿನಲ್ಲಿ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಆರೋಗ್ಯ ಸಹಾಯಕಿ ಎಂಬ ಮೂವರು ಹೆಂಗಸರು ಒಂದೇ ಮನೆಯ ಬಾಗಿಲನ್ನು ತಟ್ಟುತ್ತಾರೆ. ಆದರೆ ವರದಿಯನ್ನು ಬೇರೆ ಬೇರೆ ಕಡೆಗೆ ಒಪ್ಪಿಸುತ್ತಾರೆ. ಅವರ ಬರೆಹಗಳು ಮೇಲಕ್ಕೆ ಹೋಗುತ್ತವೆಯೇ ಹೊರತು ಪಕ್ಕಕ್ಕೆ ಹೋಗುವುದಿಲ್ಲ.

ಇದರ ಫಲವನ್ನು ಅನುಭವಿಸುವವಳು ತಾಯಿ. ಚೊಚ್ಚಲು ಬಸುರಿಯು ಬಾಣಂತನಕ್ಕೆ ತವರಿಗೆ ಹೋಗುವುದು ನಮ್ಮ ನಾಡಿನ ರೂಢಿ. ಹೆಸರು ಗಂಡನ ಊರಿನ ದಾಖಲೆಯಲ್ಲಿ. ಹೆಣ್ಣು ಮಗಳು ತವರಿನಲ್ಲಿ. ಎರಡೂ ಊರಿನ ಕಾರ್ಯಕರ್ತೆಯರು ಪರಸ್ಪರ ತಿಳಿಸಿಕೊಳ್ಳದೆ ಹೋದರೆ, ಕೂಸು ಹುಟ್ಟಿದ ಮೊದಲ ತಿಂಗಳುಗಳಲ್ಲಿ, ಅಂದರೆ ಅದರ ಪ್ರಾಣವು ಅತ್ಯಂತ ಕೋಮಲವಾಗಿರುವಾಗಲೇ, ಆ ತಾಯಿಮಕ್ಕಳು ಯಾರ ಲೆಕ್ಕದಲ್ಲಿಯೂ ಇರುವುದಿಲ್ಲ. ತೀವ್ರ ಅಪೌಷ್ಟಿಕತೆಯುಳ್ಳ ಮಗುವನ್ನು ಜಿಲ್ಲಾ ಆಸ್ಪತ್ರೆಯ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಿದಾಗಲೂ ಹೀಗೆಯೇ. ಅಲ್ಲಿ ಸುಮಾರು ಎರಡು ವಾರ ಇರಬೇಕು. ಮನೆಯಲ್ಲಿರುವ ಇನ್ನೊಂದು ಮಗುವನ್ನು ನೋಡಿಕೊಳ್ಳುವವರು ಯಾರು? ಚೇತರಿಸಿಕೊಂಡು ಹಿಂದಿರುಗಿದ ಕೂಸಿನ ತೂಕವನ್ನು ಮುಂದಿನ ವಾರ ನೋಡುವವರು ಯಾರು? ಆಸ್ಪತ್ರೆಯು ತನ್ನ ಕೆಲಸ ಮುಗಿಯಿತೆನ್ನುತ್ತದೆ. ಅಂಗನವಾಡಿಗೆ ಸುದ್ದಿಯೇ ತಲುಪಿರುವುದಿಲ್ಲ. ಇಲಾಖೆಯಿಂದ ಇಲಾಖೆಗೆ ಸಮಾಚಾರವನ್ನು ಹೊತ್ತು ತಿರುಗುವ ಜವಾನಿಕೆಯು ಕೂಲಿಮಾಡುವ ತಾಯಿಯ ಪಾಲಿಗೆ ಬೀಳುತ್ತದೆ.

ಹೊತ್ತಿನ ವಿಷಯದಲ್ಲಿಯೂ ಹೊಂದಾಣಿಕೆಯಿಲ್ಲ. 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲಿ ನಡೆದುಬಂದ ಮಾತೃಪೂರ್ಣ ಯೋಜನೆಯು ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸಬೇಕೆಂದು ವಿಧಿಸಿತು. ಉದ್ದೇಶವು ಸ್ತುತ್ಯರ್ಹವಾದುದು. ಆದರೆ ದೂರದ ಹೊಲದಲ್ಲಿ ಕಳೆ ಕೀಳುವವಳು ಮಧ್ಯಾಹ್ನ ಊಟಕ್ಕೆಂದು ಊರೊಳಗೆ ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಮೂರು ವರ್ಷ ತುಂಬದ ಮಗುವನ್ನು ಹಗಲೆಲ್ಲ ನೋಡಿಕೊಳ್ಳುವ ಏರ್ಪಾಡು ಅಂಗನವಾಡಿಯಲ್ಲಿ ಸಾಮಾನ್ಯವಾಗಿ ಇಲ್ಲ. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ 2023ರಲ್ಲಿ ಸಾರಲಾಯಿತು; ಅವು ಮತ್ತೊಂದು ಇಲಾಖೆಯ ಕೈಯಲ್ಲಿರುವುವು. ಇನ್ನು 2024ರಲ್ಲಿ ಸರಕಾರಿ ಶಾಲೆಗಳಲ್ಲಿಯೇ ಎಲ್‌ಕೆಜಿ, ಯುಕೆಜಿ ತರಗತಿಗಳನ್ನು ತೆರೆಯಲು ಹೊರಟಾಗ, ತಮ್ಮ ಕೇಂದ್ರಗಳು ಬರಿದಾಗುವುವೆಂಬ ಭಯದಿಂದ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಹೂಡಿದರು. ಒಂದೇ ಸರಕಾರದ ಎರಡು ಕೈಗಳು ಒಂದೇ ಮಗುವನ್ನು ಎರಡು ಕಡೆಗೆ ಎಳೆಯುವುದು ಶೋಭೆಯೇ?

ಇವೆಲ್ಲವನ್ನೂ ಒಂದೇ ಇಲಾಖೆಯಲ್ಲಿ ವಿಲೀನಗೊಳಿಸಿದರೆ ಸರಿಹೋಗುವುದೆಂದು ಕೆಲವರು ವಾದಿಸುತ್ತಾರೆ. ನಾವು ಅದನ್ನು ಒಪ್ಪಲಾರೆವು. ಸೂಜಿಮದ್ದಿಗೆ ದಾದಿಯೇ ಬೇಕು. ಪಾಠಕ್ಕೆ ಉಪಾಧ್ಯಾಯಿನಿಯೇ ಬೇಕು. ನೀರಿನ ನಲ್ಲಿಗೆ ಪಂಚಾಯತಿಯೇ ಬೇಕು. ಕೊರತೆಯಿರುವುದು ಇಲಾಖೆಗಳ ಸಂಖ್ಯೆಯಲ್ಲಲ್ಲ. ಇಂತಹ ಕೂಸಿಗೆ ಇಂತಹವರು ಉತ್ತರವಾದಿಗಳೆಂಬ ನಿರ್ಣಯದಲ್ಲಿ. 2018ರ ಪೋಷಣ್ ಅಭಿಯಾನವು ಇಲಾಖೆಗಳ ಸಮನ್ವಯವನ್ನೇ ತನ್ನ ತತ್ತ್ವವೆಂದು ಸಾರಿತು. ತಾಯಿ ಕಾರ್ಡು ಮನೆಮನೆಯಲ್ಲಿದೆ. ತಿಂಗಳಿಗೊಮ್ಮೆ ಗ್ರಾಮದ ಆರೋಗ್ಯ ಮತ್ತು ಪೌಷ್ಟಿಕತೆಯ ದಿನವೂ ಗೊತ್ತಾಗಿದೆ. ಸಾಧನಗಳು ಉಂಟು, ಅವುಗಳಿಗೆ ಯಜಮಾನರಿಲ್ಲ.

ಆದುದರಿಂದ ಅಧಿಕಾರಿವರ್ಗದ ಮುಂದೆ ನಾವು ನಾಲ್ಕು ಮಾತುಗಳನ್ನಿಡುತ್ತೇವೆ. ಮೊದಲನೆಯದು, ಆ ತಿಂಗಳ ದಿನದಂದು ಪಂಚಾಯತಿಯ ಅಧ್ಯಕ್ಷರ ಎದುರಿನಲ್ಲಿ ಮೂವರು ಕಾರ್ಯಕರ್ತೆಯರೂ ಕುಳಿತು ಒಂದೇ ಪಟ್ಟಿಯಿಂದ ಪ್ರತಿಯೊಂದು ಮಗುವಿನ ಹೆಸರನ್ನು ಓದಿ, ತೂಕ ಕುಂದಿದ ಮಗುವಿಗೆ ಯಾರು ಏನು ಮಾಡತಕ್ಕದ್ದೆಂದು ಬರೆದಿಡಬೇಕು. ಎರಡನೆಯದು, ಬಾಣಂತಿಯು ಊರು ಬದಲಿಸಿದಾಗಲೂ ಮಗುವು ಆಸ್ಪತ್ರೆಯಿಂದ ಹಿಂದಿರುಗಿದಾಗಲೂ ಸುದ್ದಿ ಮುಟ್ಟಿಸುವ ಹೊಣೆಯು ನೌಕರರದಾಗಬೇಕು, ತಾಯಿಯದಲ್ಲ. ಮೂರನೆಯದು, ಊಟದ ಮತ್ತು ಶಿಶುಪಾಲನೆಯ ಹೊತ್ತನ್ನು ಕಚೇರಿಯ ಗಡಿಯಾರವನ್ನು ನೋಡಿ ಅಲ್ಲ, ಕೂಲಿಯ ವೇಳೆಯನ್ನು ನೋಡಿ ಗೊತ್ತುಮಾಡಬೇಕು. ನಾಲ್ಕನೆಯದು, ತಾಲ್ಲೂಕಿನ ವೈದ್ಯಾಧಿಕಾರಿ, ಶಿಶು ಅಭಿವೃದ್ಧಿ ಅಧಿಕಾರಿ, ಶಿಕ್ಷಣಾಧಿಕಾರಿ ಮೂವರ ಕಾರ್ಯದಕ್ಷತೆಯನ್ನೂ ಒಂದೇ ಅಳತೆಗೋಲಿನಿಂದ, ಅಂದರೆ ಆ ತಾಲ್ಲೂಕಿನ ಮಕ್ಕಳ ಬೆಳವಣಿಗೆಯಿಂದ, ಅಳೆಯಬೇಕು. ಮೂವರಿಗೂ ಒಂದೇ ಪರೀಕ್ಷೆಯಾದರೆ ಮೂವರೂ ಒಂದೆಡೆ ಕುಳಿತು ಓದುವರು.

ಈ ಭಾರವನ್ನೆಲ್ಲ ಕಟ್ಟಕಡೆಗೆ ಹೊರುವವಳು ಅಂಗನವಾಡಿಯ ಕಾರ್ಯಕರ್ತೆಯೆಂಬುದನ್ನು ಮರೆಯಲಾಗದು. ಆಕೆಗೆ ದೊರೆಯುವುದು ಸಂಬಳವಲ್ಲ, ಗೌರವಧನ. ಆಕೆಯೂ ಸಹಾಯಕಿಯೂ ಉಪದಾನಕ್ಕೆ ಅರ್ಹರೆಂದು ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್ ತಿಂಗಳಲ್ಲಿ ತೀರ್ಪಿತ್ತಿತು. ಜನರ ಎಣಿಕೆ, ಮತದಾರರ ಪಟ್ಟಿ ಮೊದಲಾದ ಪರರ ಕೆಲಸಗಳನ್ನು ಆಕೆಯ ತಲೆಗೆ ಕಟ್ಟಿ, ಮಕ್ಕಳ ತೂಕ ಏಕೆ ಏರಲಿಲ್ಲವೆಂದು ಗದರಿಸುವುದು ನ್ಯಾಯವಲ್ಲ.

ಪಟ್ಟಣವಾಸಿಗಳಾದ ನಮ್ಮ ವಾಚಕರಿಗೂ ಇದರಲ್ಲಿ ಪಾಲುಂಟು. 2017ರ ತಿದ್ದುಪಡಿಯು ಹೆರಿಗೆಯ ರಜೆಯನ್ನು 26 ವಾರಗಳಿಗೆ ಏರಿಸಿತು. 50 ಮಂದಿ ಅಥವಾ ಅದಕ್ಕೆ ಮೇಲ್ಪಟ್ಟು ನೌಕರರಿರುವ ಸಂಸ್ಥೆಗಳು ಶಿಶುಪಾಲನೆಯ ವ್ಯವಸ್ಥೆ ಮಾಡಬೇಕೆಂದೂ ವಿಧಿಸಿತು. ಆದರೆ ನಮ್ಮ ಮನೆಯ ಮುಸುರೆ ತಿಕ್ಕುವವಳಿಗೆ, ನಮ್ಮ ಮಾಳಿಗೆಗೆ ಇಟ್ಟಿಗೆ ಹೊರುವವಳಿಗೆ ಆ ರಜೆ ಇಲ್ಲ. ಮರಳಿನ ಗುಡ್ಡೆಯ ಮೇಲೆ ಮಲಗಿರುವ ಆಕೆಯ ಕೂಸಿನ ಹೆಸರು ಸಮೀಪದ ಅಂಗನವಾಡಿಯ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಲು ಸರಕಾರದ ಅಪ್ಪಣೆ ಬೇಕಿಲ್ಲ.

ಕೂಸಿಗೆ ಇಲಾಖೆಯ ಗಡಿ ತಿಳಿಯದು. ಅದಕ್ಕೆ ಹಸಿವಾದಾಗ ಅನ್ನ, ಜ್ವರ ಬಂದಾಗ ಮದ್ದು, ತಾಯಿ ದುಡಿಯಲು ಹೋದಾಗ ಒಂದು ಮಡಿಲು ಬೇಕು. ಈ ಮೂರನ್ನೂ ವೇಳೆಗೆ ಸರಿಯಾಗಿ ಒದಗಿಸುವಂತೆ ಇಲಾಖೆಗಳನ್ನು ಕೂಡಿಸುವ ಕರ್ತವ್ಯವು ಸರಕಾರದ್ದು. ಅದು ಕೂಡಿಸುವವರೆಗೆ ಕೇಳುತ್ತಲೇ ಇರುವ ಕರ್ತವ್ಯವು ನಮ್ಮೆಲ್ಲರದು.